ಹೊಸಬರಿಗೆ ಮಾರ್ಗದರ್ಶಿ: ಕಾನ್ಸುಲೇಟ್‌ನಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ

ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ಹಲವರು ಸಂಘದವರನ್ನು ಕೇಳುತ್ತಾರೆ: "ಇಲ್ಲಿಯ ಭಾರತೀಯ ಕಾನ್ಸುಲೇಟ್‌ಗೆ ಹೋದರೆ ವೀಸಾ ಮುಂದುವರಿಸಿ ಕೊಡ್ತಾರಾ?" ಇಲ್ಲ. ವೀಸಾ ಕೊಟ್ಟದ್ದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಇಲ್ಲಿ ವಾಸದ ಪರವಾನಗಿ ನೋಡಿಕೊಳ್ಳುವುದು ಊರಿನ ವಿದೇಶಿಯರ ಕಚೇರಿ. ವಿಳಾಸ ನೋಂದಣಿಯೂ ನಗರಾಡಳಿತದ್ದೇ. ಭಾರತೀಯ ಕಾನ್ಸುಲೇಟ್ ನೋಡುವುದು ನಿಮ್ಮ ಭಾರತದ ಕಾಗದಪತ್ರಗಳನ್ನು. ಬವೇರಿಯಾ, ಬಾಡೆನ್-ವ್ಯುರ್ಟೆಂಬರ್ಗ್‌ನವರು ಮ್ಯೂನಿಕ್‌ಗೆ ಸೇರುತ್ತಾರೆ. ಮಿಕ್ಕ ರಾಜ್ಯಗಳನ್ನು ಫ್ರಾಂಕ್‌ಫರ್ಟ್, ಹ್ಯಾಂಬರ್ಗ್ ಮತ್ತು ಬರ್ಲಿನ್‌ನ ರಾಯಭಾರ ಕಚೇರಿ ಹಂಚಿಕೊಂಡಿವೆ.

ಇಲ್ಲಿ ಮಗು ಹುಟ್ಟಿದರೆ ತಡಮಾಡಬೇಡಿ. ಜರ್ಮನಿಯಲ್ಲಿ ಹುಟ್ಟಿತೆಂಬ ಒಂದೇ ಕಾರಣಕ್ಕೆ ಮಗುವಿಗೆ ಜರ್ಮನ್ ಪೌರತ್ವ ಸಿಗುವುದಿಲ್ಲ. ಭಾರತೀಯ ಪೌರತ್ವಕ್ಕೆ ಕಾನ್ಸುಲೇಟ್‌ನಲ್ಲಿ ಒಂದು ವರ್ಷದೊಳಗೆ ಜನನ ನೋಂದಣಿ ಆಗಬೇಕು. ಅವಧಿ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ.

ಊರಿನ ಸೈಟು, ತೋಟ ಮಾರಲು ಅಣ್ಣನಿಗೋ ಅಪ್ಪನಿಗೋ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಡುವವರು ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ. ಸಹಿ ಕಾನ್ಸುಲೇಟ್ ಅಧಿಕಾರಿಯ ಎದುರಿಗೇ ಆಗಬೇಕು. ಪತ್ರ ಕರ್ನಾಟಕ ತಲುಪಿದ ಮೇಲೆ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿ.

ಗಿಮ್ನಾಸಿಯಂ ಎಂಬ ಇಲ್ಲಿಯ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಓದುವ ನಿಮ್ಮ ಮಕ್ಕಳು ಕಾನ್ಸಲ್ ಅಂದರೆ ರೋಮ್ ದೊರೆಯಂಥವನು ಅನ್ನಬಹುದು. ತಪ್ಪೇನಿಲ್ಲ. ಗಣರಾಜ್ಯದ ರೋಮ್‌ನಲ್ಲಿ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳು. ಸೈನ್ಯ ನಡೆಸುತ್ತಿದ್ದರು, ಒಬ್ಬನ ನಿರ್ಧಾರವನ್ನು ಇನ್ನೊಬ್ಬ ತಡೆಯಬಹುದಿತ್ತು. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್ ಜೊತೆಗಾರ ಬಿಬುಲಸ್‌ನನ್ನು ಎಷ್ಟು ಮೂಲೆಗೆ ತಳ್ಳಿದನೆಂದರೆ, ಆ ವರ್ಷದ ಕಾನ್ಸಲ್‌ಗಳು 'ಜೂಲಿಯಸ್ ಮತ್ತು ಸೀಸರ್' ಎಂದು ಜನ ನಗಾಡಿದರು! ಈಗಿನ ಕಾನ್ಸಲ್‌ನ ಹಿರೀಕರನ್ನು ಹುಡುಕಬೇಕಾದದ್ದು ಮಧ್ಯಯುಗದ ಮೆಡಿಟರೇನಿಯನ್ ಬಂದರುಗಳಲ್ಲಿ. ಪರಊರಿನಲ್ಲಿ ವ್ಯಾಪಾರಕ್ಕೆ ನಿಂತ ಇಟಲಿಯ ವರ್ತಕರ ಜಗಳ ತೀರಿಸಲು, ಅಲ್ಲಿಯ ಆಡಳಿತದೊಡನೆ ಮಾತಾಡಲು ಅವರದೇ ಕಾನ್ಸಲ್ ಇರುತ್ತಿದ್ದ.

ತೀರ್ಪು ಕೊಡುವ ಅಧಿಕಾರ ಈಗ ಹೋಗಿದೆ, ನಿಮ್ಮ ಪರವಾಗಿ ಮಾತಾಡುವ ಹಕ್ಕು ಉಳಿದಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಇದಕ್ಕೆ ಆಧಾರ. ಪೊಲೀಸರು ಬಂಧಿಸಿದರೆ, ಕಾನ್ಸುಲೇಟ್‌ಗೆ ಸುದ್ದಿ ಮುಟ್ಟಿಸುವ ಹಕ್ಕು ನಿಮಗಿದೆಯೆಂದು ತಡವಿಲ್ಲದೆ ಹೇಳಬೇಕು. ತನ್ನ ಪ್ರಜೆಗಳಾದ ಲಾಗ್ರಾಂಡ್ ಸಹೋದರರಿಗೆ ಅಮೆರಿಕ ಇದನ್ನು ಹೇಳಲಿಲ್ಲವೆಂದು ಜರ್ಮನಿಯೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 2001ರಲ್ಲಿ ಗೆದ್ದಿತು. ಹಾಗಾಗಿ ಸಂಕೋಚ ಬೇಡ, ಬಾಯಿಬಿಟ್ಟು ಕೇಳಿ. ಕಾನ್ಸುಲೇಟ್‌ನವರು ಬಂದು ನೋಡಬಹುದು, ವಕೀಲರನ್ನು ಗೊತ್ತುಮಾಡಲು ನೆರವಾಗಬಹುದು, ಬಿಡಿಸಿಕೊಂಡು ಬರಲಾರರು. ಮನೆ ಮಾಲೀಕರ ಜಗಳ, ಕಂಪನಿಯ ಸಂಬಳದ ತಕರಾರುಗಳಿಗೆ ಬಾಡಿಗೆದಾರರ ಸಂಘ, ಕಾರ್ಮಿಕ ನ್ಯಾಯಾಲಯಗಳಿವೆ.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಕಾನ್ಸುಲೇಟ್. ಅಲ್ಲಿ ಕೆಲಸ ಮುಂದೆ ಸಾಗದಿದ್ದರೆ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.