ಹಾವು ಕಚ್ಚಿದಾಗ: ತೋಟದ ಮನೆಯವರು ಮಳೆಗಾಲಕ್ಕೆ ಮೊದಲೇ ಅಭ್ಯಾಸ ಮಾಡಬೇಕಾದ ಪ್ರಥಮ ಚಿಕಿತ್ಸೆ

ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗದ ಹಳ್ಳಿಗಳಲ್ಲಿ ಹಾವು ಕಚ್ಚಿದವರ ಜೀವ ಉಳಿಯುವುದು ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅವಲಂಬಿಸಿದೆ. ಮನೆಯವರು ಏನೇನನ್ನು ಮಾಡದೆ ಬಿಟ್ಟರು ಎಂಬುದು ಒಂದು, ಪ್ರತಿವಿಷ (ಹಾವಿನ ವಿಷವನ್ನು ಅಡಗಿಸುವ ಚುಚ್ಚುಮದ್ದು) ಇರುವ ಆಸ್ಪತ್ರೆಯನ್ನು ಎಷ್ಟು ಬೇಗ ಮುಟ್ಟಿದರು ಎಂಬುದು ಇನ್ನೊಂದು. ಗಾಬರಿಯ ಹೊತ್ತಿನಲ್ಲಿ ಇವೆರಡೂ ತಾವಾಗಿ ತೋಚುವುದಿಲ್ಲವಾದ್ದರಿಂದ, ಮೇ ತಿಂಗಳ ಒಂದು ಮಧ್ಯಾಹ್ನ ನಾಲ್ಕೈದು ಮನೆಯವರು ಸೇರಿ, ಒಬ್ಬರನ್ನು ರೋಗಿಯಂತೆ ಮಲಗಿಸಿ, ಮುಂದೆ ಹೇಳಿದ್ದನ್ನು ಕೈಯಾರೆ ಮಾಡಿ ನೋಡಬೇಕು.

ಮೊದಲು ದಾರಿಯ ವಿಚಾರ. ಮನೆಯ ಸುತ್ತ ಮೊಬೈಲ್ ಸಿಗ್ನಲ್ ಖಚಿತವಾಗಿ ಸಿಗುವ ಜಾಗವನ್ನು ಗುರುತಿಸಿ, ಮಕ್ಕಳಿಗೂ ಅದನ್ನು ತೋರಿಸಿಡಿ. 108ಕ್ಕೆ ಕರೆ ಮಾಡಿದಾಗ ತಾಲ್ಲೂಕು, ಗ್ರಾಮ ಪಂಚಾಯಿತಿ, ಡಾಂಬರು ರಸ್ತೆಯಿಂದ ಒಳಗೆ ತಿರುಗುವ ಗುರುತು, ಇಷ್ಟನ್ನು ಎರಡು ವಾಕ್ಯದಲ್ಲಿ ಹೇಳಲು ಬರುವಂತೆ ಬರೆದು ಗೋಡೆಗೆ ಅಂಟಿಸಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆ, ರಾತ್ರಿ ಅಲ್ಲಿ ವೈದ್ಯರಿರುತ್ತಾರೆಯೇ ಎಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿಡಿ. ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು ಮುಂದಿನ ಊರನ್ನು ಆಲೋಚಿಸುವಂತಾಗಬಾರದು. ಆಂಬುಲೆನ್ಸ್ ಬರುತ್ತಿರುವಾಗ ಒಬ್ಬರು ಟಾರ್ಚ್ ಹಿಡಿದು ರಸ್ತೆಯ ತಿರುವಿನಲ್ಲಿ ನಿಲ್ಲಬೇಕು, ಇನ್ನೊಬ್ಬರು ದಣಪೆ, ಅಂದರೆ ಬೇಲಿಯ ದಾರಿಗೆ ಅಡ್ಡವಿಟ್ಟ ಗಳಗಳನ್ನು, ತೆಗೆದಿಡಬೇಕು.

ಇನ್ನು ಕಚ್ಚಿಸಿಕೊಂಡವರ ವಿಚಾರ. ದರಕಿನ (ಒಣ ಎಲೆಯ) ರಾಶಿಗೆ ಕೈ ಹಾಕಿದಾಗಲೋ ಕತ್ತಲಲ್ಲಿ ಕೊಟ್ಟಿಗೆಗೆ ಹೋಗುವಾಗಲೋ ಕಚ್ಚಿದರೆ, ಹಾವಿನಿಂದ ದೂರ ಸರಿಸಿ ಅಲ್ಲಿಯೇ ಮಲಗಿಸಿ ಅಥವಾ ಕೂರಿಸಿ. ಮನೆಯವರೆಗೆ ನಡೆಸಬೇಡಿ, ಏಕೆಂದರೆ ಸ್ನಾಯು ಆಡಿದಷ್ಟೂ ವಿಷ ಬೇಗ ಮೈಗೇರುತ್ತದೆ. ಬಾವು ಏರುವ ಮೊದಲೇ ಉಂಗುರ, ಬಳೆ, ಕಾಲುಂಗುರ, ಗೆಜ್ಜೆ, ಬಿಗಿಯಾದ ಬಟ್ಟೆಗಳನ್ನು ತೆಗೆಯಿರಿ. ಕಚ್ಚಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಆ ಕೈ ಅಥವಾ ಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಅಲುಗದ ಹಾಗೆ ಕಟ್ಟಿಡಬೇಕು. ಇದಕ್ಕೆ ನಮ್ಮಲ್ಲಿ ಅಡಿಕೆ ಹಾಳೆಗಿಂತ ಒಳ್ಳೆಯ ಸಾಮಗ್ರಿ ಬೇಡ: ಒಣಗಿದ ದಪ್ಪ ಹಾಳೆಯನ್ನು ಕಾಲಿನ ಉದ್ದಕ್ಕೆ ಕತ್ತರಿಸಿ, ಒಳಗೆ ಹಳೆಯ ಪಂಚೆ ಹಾಸಿ, ಕಾಲನ್ನು ಅದರೊಳಗಿಟ್ಟು ಮೂರು ನಾಲ್ಕು ಕಡೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಕಟ್ಟಿನ ಕೆಳಗೆ ಒಂದು ಬೆರಳು ಸಲೀಸಾಗಿ ತೂರುವಂತಿರಲಿ.

ಹಗ್ಗದಿಂದ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು, ಸೊಪ್ಪಿನ ರಸ ಕುಡಿಸುವುದು ಇವೆಲ್ಲ ನಿಷಿದ್ಧ. ಯಾರಾದರೂ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ಅದನ್ನು ದಾರಿಯಲ್ಲಿ ಒಮ್ಮೆಲೇ ಬಿಚ್ಚದೆ, ಆಸ್ಪತ್ರೆಯಲ್ಲಿ ವೈದ್ಯರ ಎದುರೇ ಬಿಚ್ಚಿಸಬೇಕು. ತಡೆದು ನಿಂತಿದ್ದ ವಿಷ ಒಟ್ಟಿಗೆ ನುಗ್ಗುವ ಅಪಾಯವಿದೆ. ನಾಟಿ ಔಷಧಿಯಿಂದ ಗುಣವಾದವರ ಉದಾಹರಣೆ ಪ್ರತಿ ಊರಿನಲ್ಲಿಯೂ ಇರುತ್ತದೆ. ವಿಷವಿಲ್ಲದ ಹಾವು ಕಚ್ಚಿದವರೂ, ವಿಷದ ಹಾವು ಕಚ್ಚಿಯೂ ಮೈಯೊಳಗೆ ವಿಷ ಸೇರದವರೂ ಯಾವ ಔಷಧಿಯೂ ಇಲ್ಲದೆ ಉಳಿಯುತ್ತಾರೆ ಎಂಬುದನ್ನು ಆ ಉದಾಹರಣೆ ಹೇಳುವವರಿಗೆ ಸಮಾಧಾನದಿಂದಲೇ ತಿಳಿಸಬೇಕಾಗುತ್ತದೆ.

ಹಾವನ್ನು ಹುಡುಕಿ ಕೊಲ್ಲಲು ಹೋಗಿ ಎರಡನೆಯವರು ಕಚ್ಚಿಸಿಕೊಳ್ಳುವುದು ಬೇಡ. ದೂರದಿಂದ ಫೋಟೋ ಸಿಕ್ಕರೆ ಸಾಕು. ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳ (ಪಿಟ್ ವೈಪರ್ ಜಾತಿಯ ಹಾವುಗಳ) ವಿಷಕ್ಕೆ ಅದು ನಾಟುವುದಿಲ್ಲ, ಆದ್ದರಿಂದ ಫೋಟೋ ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ಹಾಗೆಂದು ಗುಳಿಮಂಡಲ ಕಚ್ಚಿದವರು ಮನೆಯಲ್ಲಿ ಉಳಿಯಬಾರದು, ಮೂತ್ರಪಿಂಡಕ್ಕೆ ಪೆಟ್ಟಾಗುವುದುಂಟು.

ಕಟ್ಟುಹಾವಿನ ವಿಚಾರವನ್ನು ಪ್ರತ್ಯೇಕವಾಗಿ ತಿಳಿದಿರಬೇಕು. ಅದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ; ನೋವಾಗಲಿ ಬಾವಾಗಲಿ ಇರದೆ, ಗಾಯವೂ ಕಣ್ಣಿಗೆ ಬೀಳದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ಜೋತುಬೀಳುವ ರೆಪ್ಪೆ, ತೊದಲುವ ಮಾತು, ಎಂಜಲು ನುಂಗಲಾಗದಿರುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಭಾವಿಸದೆ ಕೂಡಲೇ ಹೊರಡಿ. ಉಸಿರಾಟದ ಸ್ನಾಯು ಸೋತು ಸತ್ತಂತೆ ಕಾಣುವವರಿಗೂ ಒಳಗೆ ಪ್ರಜ್ಞೆ ಇರಬಹುದು. ಕರೆದರೆ ಓಗೊಡದೆ, ಉಸಿರೂ ನಿಂತಿದ್ದರೆ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಐದಾರು ಸೆಂಟಿಮೀಟರ್ ಇಳಿಯುವಂತೆ 30 ಬಾರಿ ಒತ್ತಿ, ಬಾಯಿಗೆ ಬಾಯಿಟ್ಟು ಎರಡು ಬಾರಿ ಉಸಿರು ಕೊಡಿ. ಸಹಾಯ ಸಿಗುವವರೆಗೆ ಹೀಗೆಯೇ ಮುಂದುವರಿಸಿ. ಹಾವಿನ ವಿಷದಲ್ಲಿ ಈ ಉಸಿರು ಕೊಡುವ ಭಾಗವನ್ನು ಬಿಡಲಾಗದು.

ಸಾಗಿಸುವುದಕ್ಕೆ ಎರಡು ಗೋಣಿಚೀಲಗಳ ತಳದ ಮೂಲೆಗಳನ್ನು ಕತ್ತರಿಸಿ, ಎರಡು ಬಿದಿರಿನ ಗಳಗಳನ್ನು ತೂರಿಸಿದರೆ ಸ್ಟ್ರೆಚರ್ ಆಯಿತು. ಹಳ್ಳದ ಮೇಲಿನ ಕಾಲುಸಂಕ (ಕಿರುಸೇತುವೆ) ದಾಟುವ ಊರಿನವರು ಇದನ್ನು ಹೊತ್ತು ಸಂಕದ ಮೇಲೆ ಒಮ್ಮೆ ನಡೆದು ನೋಡಲೇಬೇಕು. ಆಂಬುಲೆನ್ಸ್ ತಡವೆಂದು ತಿಳಿದರೆ ಕಾಯದೆ ಸಿಕ್ಕ ಜೀಪಿನಲ್ಲಿಯೋ, ಪ್ರಜ್ಞೆಯಿದ್ದರೆ ಬೈಕಿನಲ್ಲಿ ಸವಾರ ಮತ್ತು ಹಿಂದೆ ಕೂತು ಹಿಡಿದುಕೊಳ್ಳುವವರ ನಡುವೆ ಕೂರಿಸಿಯೋ ಕರೆದೊಯ್ಯಿರಿ. ವಾಂತಿ ಅಥವಾ ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸಿ.

ಆಸ್ಪತ್ರೆಯಲ್ಲಿ ಕಚ್ಚಿದ ಸಮಯ, ಆಮೇಲೆ ಕಂಡ ಲಕ್ಷಣಗಳು, ಮನೆಯಲ್ಲಿ ಕೊಟ್ಟದ್ದೇನಾದರೂ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಗಿರುವುದರಿಂದ ಈ ವಿವರಗಳು ದಾಖಲಾಗುತ್ತವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸುವುದಾದರೆ, ಮೊದಲ ಆಸ್ಪತ್ರೆಯಲ್ಲಿ ಎಷ್ಟು ವಯಲ್ (ಔಷಧಿಯ ಸಣ್ಣ ಬಾಟಲಿ) ಪ್ರತಿವಿಷ ಕೊಟ್ಟರು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಲಕ್ಷಣ ಏನೂ ಕಾಣದಿದ್ದರೂ 24 ಗಂಟೆ ನಿಗಾದಲ್ಲಿ ಇರುವುದು ಅಗತ್ಯ. ಹಾಲು ಕರೆಯುವ ಹೊತ್ತಾಯಿತೆಂದು ಸಹಿ ಹಾಕಿ ಎದ್ದು ಬರಬಾರದು.