ವೂಫರ್ (ದಪ್ಪ ದನಿಯ ಸ್ಪೀಕರ್) ಮೇಲೆ ಒಂದು ಮುಚ್ಚಳ ನೀರು: ಆದಿ ವಿಶ್ವದ ಒಂದು ಆಟ ಮನೆಯಲ್ಲೇ ನೋಡಿ

ಮುಚ್ಚಳದಲ್ಲಿ ಬ್ರಹ್ಮಾಂಡ ಹುಟ್ಟಿಸುವುದಕ್ಕೆ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇನ್‌ಫ್ಲೇಶನ್, ಅಂದರೆ ವಿಶ್ವ ಹುಟ್ಟಿದ ಹೊಸತರಲ್ಲಿ ಕ್ಷಣಾರ್ಧದಲ್ಲಿ ಭಾರೀ ಹಿಗ್ಗಿತು ಎನ್ನುವ ಘಟ್ಟ, ಮುಗಿದ ಕೂಡಲೇ ನಡೆದಿರಬಹುದಾದ ಒಂದು ಕೆಲಸವನ್ನು ನೀರಿನಲ್ಲಿ ನೋಡಬಹುದು. ಆಗ ವಿಶ್ವ ಹೆಚ್ಚುಕಡಿಮೆ ಖಾಲಿ, ತಣ್ಣಗೆ. ಇದ್ದದ್ದು ಒಂದು ಫೀಲ್ಡ್ (ಜಾಗದ ತುಂಬಾ ಹರಡಿರುವ ಕ್ಷೇತ್ರ), ಅದು ಬಟ್ಟಲಿನ ತಳದಲ್ಲಿ ಗೋಲಿ ಉರುಳಾಡಿದ ಹಾಗೆ ಅತ್ತಿತ್ತ ತೂಗುತ್ತಿತ್ತು. ಆ ತೂಗಾಟವೇ ಕಣಗಳನ್ನು ರಾಶಿರಾಶಿ ಹುಟ್ಟಿಸಬಲ್ಲದು ಎಂದು 1994ರಲ್ಲಿ ಭೌತವಿಜ್ಞಾನಿಗಳಾದ ಕಾಫ್‌ಮನ್, ಲಿಂಡೆ, ಸ್ಟಾರೊಬಿನ್‌ಸ್ಕಿ ಲೆಕ್ಕ ಹಾಕಿ ತೋರಿಸಿದರು.

ಜೋಕಾಲಿ ಮೇಲೆ ನಿಂತು ಜೀಕಿದ್ದೀರಾ? ಯಾರೂ ತಳ್ಳಬೇಕಿಲ್ಲ. ಒಂದು ಸಲ ಹೋಗಿ ಬರುವುದರೊಳಗೆ ಎರಡು ಸಲ ಮಂಡಿ ಬಗ್ಗಿಸಿ ಎದ್ದರೆ ಜೀಕು ಏರುತ್ತಲೇ ಹೋಗುತ್ತದೆ. ಆ ಫೀಲ್ಡ್ ಕಣ ಹುಟ್ಟಿಸುವ ಲೆಕ್ಕವೂ ಅದೇ.

ಈಗ ಕೆಲಸ. ಹಳೆಯ ವೂಫರ್ ಒಂದನ್ನು ಬಾಯಿ ಮೇಲೆ ಮಾಡಿ ಇಡಿ (ಮೊಬೈಲ್ ಸ್ಪೀಕರ್ ಇದಕ್ಕೆ ಸಾಲದು), ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾನು ಅದನ್ನು ಮರೆತು ಸ್ಪೀಕರಿನ ಕೋನ್ (ಅದುರುವ ಕಾಗದದ ಬಟ್ಟಲು) ಪೂರ್ತಿ ನೆನೆಸಿಕೊಂಡು ಕೂತಿದ್ದೆ. ನಡುವೆ ಹಗುರವಾದ ಡಬ್ಬದ ಮುಚ್ಚಳವನ್ನು ಡಬಲ್ ಸೈಡ್ ಟೇಪ್‌ನಿಂದ ಅಂಟಿಸಿ, ಅರ್ಧ ಸೆಂಟಿಮೀಟರ್ ನೀರು ಹಾಕಿ. ಮುಚ್ಚಳದಲ್ಲಿ ಸೋಪಿನ ಜಿಡ್ಡು ಚೂರೂ ಇರಬಾರದು, ಇದ್ದರೆ ಅಲೆ ಏಳುವುದಕ್ಕೇ ಸತಾಯಿಸುತ್ತದೆ.

ಫೋನನ್ನು ವೂಫರ್‌ಗೆ ಜೋಡಿಸಿ, ಟೋನ್ ಜನರೇಟರ್ ಆ್ಯಪ್‌ನಲ್ಲಿ (ಬೇಕಾದ ಒಂದೇ ಸ್ವರ ಹೊರಡಿಸುವ ಆ್ಯಪ್) 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಕುಣಿತ, ಇಟ್ಟು ವಾಲ್ಯೂಮ್ ನಿಧಾನ, ತುಂಬಾ ನಿಧಾನ ಏರಿಸಿ. ಮೊದಲು ಅಂಚಿನಿಂದ ಸಣ್ಣ ಬಳೆಗಳು ಬರುತ್ತವೆ. ಮೋಸ ಹೋಗಬೇಡಿ! ಅದು ಮುಚ್ಚಳದ ಗೋಡೆಗೆ ಅಂಟಿದ ನೀರು ಕುಣಿಯುತ್ತಿರುವುದು, ಅಷ್ಟೇ. ಇನ್ನೂ ಸ್ವಲ್ಪ ಏರಿಸಿದರೆ ಒಂದು ಹಂತದಲ್ಲಿ ನೀರಿನ ಮೈ ತುಂಬಾ ಉಬ್ಬು ತಗ್ಗಿನ ಜಾಲ ತಟ್ಟನೆ ಏಳುತ್ತದೆ, ಒಂದು ಉಬ್ಬಿಂದ ಮುಂದಿನದಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್. ಹೊಸ್ತಿಲು ದಾಟುವವರೆಗೆ ಏನೂ ಇಲ್ಲ, ದಾಟಿದರೆ ಎಲ್ಲ ಕಡೆ.

ನಿಜವಾದ ಪರೀಕ್ಷೆ ಫೋನಿನ ಸ್ಲೋ ಮೋಷನ್‌ನಲ್ಲಿ. ಸೆಕೆಂಡಿಗೆ 240 ಫ್ರೇಮ್ ಇಟ್ಟು ಒಂದೇ ಒಂದು ಉಬ್ಬನ್ನು ಹಿಡಿದು ನೋಡಿ: 8 ಫ್ರೇಮಿಗೆ ಅದು ತಗ್ಗಾಗುತ್ತದೆ, 16ಕ್ಕೆ ಮತ್ತೆ ಉಬ್ಬು. ಮುಚ್ಚಳ 8 ಫ್ರೇಮಿಗೇ ಒಂದು ಕುಣಿತ ಮುಗಿಸಿರುತ್ತದೆ, ಅಂದರೆ ಅಲೆ ಏರಿಳಿಯುವ ವೇಗ ಮುಚ್ಚಳದ್ದರ ಸರಿಯಾಗಿ ಅರ್ಧ, ಜೋಕಾಲಿಯ ಲೆಕ್ಕವೇ ಅಲ್ವಾ! ಫ್ಯಾರಡೆ ಇದನ್ನು 1831ರಲ್ಲೇ ಗಮನಿಸಿದ್ದ. ಅಂಚಿನ ಬಳೆಗಳಾದರೆ 8 ಫ್ರೇಮಿಗೇ ಮರುಕಳಿಸುತ್ತವೆ, ಹಾಗೆ ಎರಡನ್ನೂ ಬೇರೆ ಮಾಡಬಹುದು.

ಮುಚ್ಚಳದ ನೀರು ವಿಶ್ವದ ಹಾಗೆ ಹಿಗ್ಗುವುದಿಲ್ಲ, ಇಲ್ಲಿ ಹುಟ್ಟುವುದು ಅಲೆ, ಕಣವಲ್ಲ. ಒಂದೇ ಆಗಿರುವುದು ಸಮೀಕರಣದ ಅಚ್ಚು ಮಾತ್ರ. ಆದರೂ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಿಲ್ಕೆ ವೈನ್‌ಫರ್ಟ್ನರ್ ತಂಡ ಒಂದರಲ್ಲೊಂದು ಬೆರೆಯದ ಎರಡು ದ್ರವಗಳನ್ನು ಹೀಗೇ ಮೇಲೆ ಕೆಳಗೆ ಅಲುಗಾಡಿಸಿ, ನಡುವಿನ ಗೆರೆಯಲ್ಲಿ ಎದ್ದ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೇರೆ ಅಳತೆಯ ಅಲೆಗಳನ್ನು ಹುಟ್ಟಿಸುವುದನ್ನು ಅಳೆದಿದೆ. ಅದರ ಚೂರು ರುಚಿ ಬೇಕಿದ್ದರೆ ಜಾಲ ಎದ್ದ ಮೇಲೂ ವಾಲ್ಯೂಮ್ ಏರಿಸುತ್ತಾ ಹೋಗಿ. ಅಚ್ಚುಕಟ್ಟು ಕೆಟ್ಟು ನೀರು ಕಲಕಿದಂತಾಗಿ, ಕೊನೆಗೆ ಹನಿಗಳು ಹಾರಲು ಶುರುವಾಗುತ್ತವೆ. ಅಲ್ಲಿಗೆ ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆ ಅಷ್ಟನ್ನು ತಡೆಯುವುದಿಲ್ಲ.