ಕ್ರಿಪ್ಟೊ ಜೂಜಿಗೆ ಕಡಿವಾಣ: ಕಾಫಿ ಹಣ ಕೈಸೇರುವ ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು

ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯವನ್ನು, ಅಂದರೆ ಕ್ರಿಪ್ಟೊ, ಕಟ್ಟಿ ಆಡುವ ಆನ್‌ಲೈನ್ ಜೂಜನ್ನು ಮನೋಬಲವೊಂದರಿಂದಲೇ ಹಿಡಿತಕ್ಕೆ ತರುವುದು ಕಷ್ಟ, ಏಕೆಂದರೆ ಅಲ್ಲಿ ನಡುವೆ ನಿಂತು ತಡೆಯುವವರು ಯಾರೂ ಇಲ್ಲ. ಕ್ಲಬ್ಬಿನ ಇಸ್ಪೀಟು ಮೇಜಿಗಾದರೂ ಮುಚ್ಚುವ ಹೊತ್ತೊಂದಿದೆ. ಆ ನಾಣ್ಯಗಳನ್ನಿಡುವ ವ್ಯಾಲೆಟ್‌ಗೆ ಅದಿಲ್ಲ, ಬ್ಲಾಕ್‌ಚೈನ್ ಎಂಬ ಡಿಜಿಟಲ್ ಲೆಕ್ಕಪುಸ್ತಕದಲ್ಲಿ ದಾಖಲಾದ ವರ್ಗಾವಣೆಯನ್ನು ರದ್ದುಮಾಡಿಸಲೂ ಬರುವುದಿಲ್ಲ. ಆದ್ದರಿಂದ ರೂಪಾಯಿ ಕ್ರಿಪ್ಟೊ ಆಗಿ ಬದಲಾಗುವ ಜಾಗದಲ್ಲೇ ತಡೆ ಹಾಕಬೇಕು. ಜೂಜಿನ ತಾಣಗಳು ತಾವೇ ಒದಗಿಸುವ ದಿನದ ಮಿತಿಯನ್ನು ನಾನು ಹೆಚ್ಚು ನಂಬುವುದಿಲ್ಲ. ಒಂದು ತಾಣದಲ್ಲಿ ಮಿತಿ ಮುಗಿದರೆ ಇನ್ನೊಂದರಲ್ಲಿ ಖಾತೆ ತೆರೆಯಲು ಹಲವು ಕಡೆ ಇಮೇಲ್ ವಿಳಾಸವೊಂದೇ ಸಾಕು. ಮೇಲಾಗಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣಕ್ಕಿಡುವ ಆಟಗಳನ್ನು ಒದಗಿಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ವಿದೇಶದ ತಾಣವೊಂದು ಗೆದ್ದ ಹಣವನ್ನು ತಡೆಹಿಡಿದರೆ ಇಲ್ಲಿ ಕುಳಿತು ವಸೂಲಿ ಮಾಡುವುದು ಬಹುಮಟ್ಟಿಗೆ ಆಗದ ಮಾತು.

ಕೊಡಗಿನ ಬೆಳೆಗಾರನಿಗೆ ಹಣ ತಿಂಗಳ ಸಂಬಳದಂತೆ ಬರುವುದಿಲ್ಲ. ಅರೇಬಿಕಾ ಕೊಯ್ಲು ಡಿಸೆಂಬರ್ ಆಸುಪಾಸಿನಲ್ಲಿ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಅಥವಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರಿದ ಮೊತ್ತ ಒಟ್ಟಾಗಿ ಖಾತೆಗೆ ಬೀಳುತ್ತದೆ, ಅದರ ಬೆನ್ನಿಗೇ ಐಪಿಎಲ್ ಶುರುವಾಗುತ್ತದೆ. ಗೊಬ್ಬರ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಸುವುದು), ವಾರದ ಬಟವಾಡೆ, ಮಕ್ಕಳ ಶುಲ್ಕ, ಸಹಕಾರ ಸಂಘದ ಸಾಲ ಎಲ್ಲವೂ ಆ ಒಂದು ಮೊತ್ತದಿಂದಲೇ ಹೋಗಬೇಕಾದ್ದರಿಂದ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೇ, ಅಂದರೆ ಕೈಯಲ್ಲಿ ಹಣವಿಲ್ಲದೆ ತಲೆ ತಣ್ಣಗಿರುವಾಗಲೇ, ಏರ್ಪಾಡು ಮಾಡಿಕೊಳ್ಳಬೇಕು. ಕಾಫಿ ಹಣ ಬರುವ ಖಾತೆಯನ್ನು ಮನೆಯ ಇನ್ನೊಬ್ಬರ ಸಹಿಯೂ ಬೇಕಾಗುವ ಜಂಟಿ ಖಾತೆಯನ್ನಾಗಿ ಬದಲಿಸಿ, ತೋಟದ ಖರ್ಚಿಗೆ ತಿಂಗಳಿಗಿಷ್ಟೆಂದು ಲೆಕ್ಕ ಹಾಕಿ, ಉಳಿದದ್ದನ್ನು ಬೇರೆ ಬೇರೆ ಅವಧಿಯ ನಿಶ್ಚಿತ ಠೇವಣಿಗಳಲ್ಲಿ ಇಡಿ. ಯುಪಿಐ ಇರುವ ಖಾತೆಯಲ್ಲಿ ಒಂದು ವಾರದ ಮನೆಖರ್ಚಿಗಿಂತ ಹೆಚ್ಚು ಇರಬಾರದು. ಹೋಂಸ್ಟೇ ನಡೆಸುವವರಿಗೆ ಹಣ ದಿನದಿನವೂ ಬರುವುದರಿಂದ, ಅವರು ವಾರಕ್ಕೊಮ್ಮೆ ಇದೇ ರೀತಿ ಖಾತೆ ಖಾಲಿ ಮಾಡಿಕೊಳ್ಳಬಹುದು.

ಕ್ರಿಪ್ಟೊ ಕೊಂಡು ಮಾರುವ ವೇದಿಕೆಯಾದ ಎಕ್ಸ್‌ಚೇಂಜ್ ಬಿಟ್ಟು, ಅಪರಿಚಿತರೊಂದಿಗೆ ಯುಪಿಐ ಮೂಲಕ ನೇರವಾಗಿ ಯುಎಸ್‌ಡಿಟಿ (ಡಾಲರಿನ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ) ಕೊಳ್ಳುವ, ಮಾರುವ ದಾರಿಯನ್ನು ಮೊದಲು ಮುಚ್ಚಬೇಕು. ನೀವು ಮಾರಿದಾಗ ಬರುವ ಹಣ ಸೈಬರ್ ವಂಚನೆಯದ್ದಾಗಿದ್ದರೆ, ಬೇರೆ ರಾಜ್ಯದ ಪೊಲೀಸರ ಸೂಚನೆಯ ಮೇರೆಗೆ ನಿಮ್ಮ ಖಾತೆಯೇ ಸ್ಥಗಿತವಾಗಬಹುದು. ಕೊಯ್ಲಿನ ನಡುವೆ ಹಾಗಾದರೆ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಕೂಲಿಗೂ ದುಡ್ಡಿರುವುದಿಲ್ಲ. ಈಗಾಗಲೇ ವ್ಯಾಲೆಟ್‌ನಲ್ಲಿ ನಾಣ್ಯಗಳಿದ್ದರೆ ಅವನ್ನು ಎಕ್ಸ್‌ಚೇಂಜ್ ಮೂಲಕವೇ ಮಾರಿಬಿಡುವುದು ಲೇಸು. ವ್ಯಾಲೆಟ್‌ನ ಕೀಲಿಯಾದ 12 ಅಥವಾ 24 ಪದಗಳ ಸೀಡ್ ಫ್ರೇಸ್ ಅನ್ನು ಇನ್ನೊಬ್ಬರ ಕೈಗೆ ಕೊಡಬೇಕೆಂದು ಕೆಲವರು ಹೇಳುತ್ತಾರೆ, ಆದರೆ ಅದನ್ನು ಬಲ್ಲವರು ಎಲ್ಲವನ್ನೂ ಸಾಗಿಸಬಲ್ಲರು. ಮಾರುವಾಗ ಲಾಭದ ಮೇಲೆ ಶೇ. 30 ತೆರಿಗೆಯಿದೆ, ಒಂದು ನಾಣ್ಯದ ನಷ್ಟವನ್ನು ಮತ್ತೊಂದು ಆದಾಯದಲ್ಲಿ ಕಳೆದು ತೋರಿಸುವಂತಿಲ್ಲ.

ಸೋತದ್ದನ್ನು ಯಾವಾಗಲೂ ರೂಪಾಯಿಯಲ್ಲೇ ಬರೆದಿಡಿ. ಬಿಟ್‌ಕಾಯಿನ್‌ನ ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು ಸತೋಶಿ, 0.002 ಬಿಟ್‌ಕಾಯಿನ್ ಎಂದು ತೆರೆಯ ಮೇಲೆ ಕಾಣುವ ಸಂಖ್ಯೆ ಸಣ್ಣದಾಗಿ ಕಂಡರೂ ಅದರ ಬೆಲೆ ಹಲವು ದಿನಗಳ ಕೂಲಿಯಷ್ಟಾಗಬಹುದು. ತಾಣದ ಪಾಲು ಶೇ. 1 ಮಾತ್ರ ಎಂಬ ಮಾತೂ ಮೋಸಗೊಳಿಸುತ್ತದೆ, ಏಕೆಂದರೆ ಆ ಪಾಲನ್ನು ಪ್ರತಿ ಪಣದ ಮೇಲೂ ಎಣಿಸಬೇಕು: 10,000 ರೂಪಾಯಿಯನ್ನು ತಿರುಗಿಸಿ ತಿರುಗಿಸಿ ಒಟ್ಟು 5,00,000 ರೂಪಾಯಿಯಷ್ಟು ಪಣ ಕಟ್ಟಿದರೆ, ಸರಾಸರಿ ಲೆಕ್ಕದಲ್ಲಿ 5,000 ಹೋಗುತ್ತದೆ. ಆಟದ ಫಲಿತಾಂಶವನ್ನು ಗಣಿತದಿಂದ ಪರಿಶೀಲಿಸಬಹುದು ಎಂಬ ಭರವಸೆಯು ಹೆಚ್ಚೆಂದರೆ ಫಲಿತಾಂಶವನ್ನು ನಡುವೆ ತಿದ್ದಿಲ್ಲವೆಂದು ತೋರಿಸುತ್ತದೆ. ತಾಣದ ಪಾಲು ಅದರಿಂದ ಕಡಿಮೆಯಾಗುವುದಿಲ್ಲ.

ಫೋನಿನಲ್ಲಿ ಬೆಟ್‌ಬ್ಲಾಕರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ, ಆರಿಸಿಕೊಂಡ ಅವಧಿಯವರೆಗೆ ಅದು ಸಾವಿರಾರು ಜೂಜಿನ ತಾಣಗಳನ್ನು ತಡೆಯುತ್ತದೆ. ಟೆಲಿಗ್ರಾಂನೊಳಗೆ ನಡೆಯುವ ಆಟಗಳು ಇದರ ಕಣ್ಣು ತಪ್ಪಿಸಬಹುದಾದ್ದರಿಂದ ಆ ಗುಂಪುಗಳಿಂದ ಹೊರಬರಲೇಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲದ ರಾತ್ರಿಗಳು, ತೋಟದ ಕೆಲಸವೂ ಕಡಿಮೆಯಾಗಿ ಹೊರಗೆ ಹೋಗಲೂ ಆಗದಿರುವಾಗ, ಇನ್ನಷ್ಟು ಕಷ್ಟದವು. ರಾತ್ರಿ ಊಟದ ನಂತರ ಫೋನನ್ನು ಮನೆಯವರಿಗೆ ಕೊಟ್ಟು ಮಲಗುವುದು ಮಕ್ಕಳಾಟದಂತೆ ಕಂಡರೂ ಫಲ ಕೊಡುವ ಉಪಾಯ. ಆಡಬೇಕೆಂಬ ತುಡಿತ ಬಂದಾಗ ಅರ್ಧ ಗಂಟೆ ಮುಂದೂಡಿ. ಅದು ಸಾಮಾನ್ಯವಾಗಿ ಏರಿದಂತೆಯೇ ಇಳಿಯುತ್ತದೆ.

ಸೋತದ್ದನ್ನು ಮರಳಿ ಪಡೆಯಲು ಸಾಲ ಮಾಡಿದ್ದರೆ, ಒಡವೆ ಅಡವಿಟ್ಟಿದ್ದರೆ, ಅಥವಾ ಸೋಲನ್ನು ಮನೆಯಲ್ಲಿ ಮುಚ್ಚಿಡುತ್ತಿದ್ದರೆ, ಈ ಏರ್ಪಾಡುಗಳಷ್ಟೇ ಸಾಲವು. ಅದು ಚಿಕಿತ್ಸೆಯಿರುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹತ್ತಿರದಲ್ಲಿ ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಲ್ಲಿ ಆರಂಭವಾದ ಶಟ್ ಕ್ಲಿನಿಕ್ ಇದೆ. ಹೋಗುವಾಗ ರೂಪಾಯಿಯಲ್ಲಿ ಬರೆದಿಟ್ಟ ಲೆಕ್ಕವನ್ನೂ ಸಾಲಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ, ಸಾಧ್ಯವಾದರೆ ಜಂಟಿ ಖಾತೆಗೆ ಸಹಿ ಹಾಕುವವರನ್ನೂ ಕರೆದುಕೊಂಡು ಹೋಗಿ.